ಯಾರು ಎಂದರೆ ನೀನು

ಲಿಫ್ಟುಗಳನ್ನು ಕೂರಿಸಿ, ವರ್ಷವಿಡೀ ಅವುಗಳ ಆರೈಕೆ ಮಾಡುವ ಆ ಕಂಪನಿಯಲ್ಲಿ ಅವಳ ನಿಜವಾದ ಹೆಸರು ಗುರುತಿನ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಮೆಕ್ಯಾನಿಕ್ಕುಗಳಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಅವಳು ಗಾಳದಕ್ಕ. ಆ ಹೆಸರಿಟ್ಟವನು ಬ್ರೇಕಣ್ಣ. ಲಿಫ್ಟಿನ ಬ್ರೇಕು ಸರಿಪಡಿಸುವುದರಲ್ಲಿ ಅವನದು ಎತ್ತಿದ ಕೈ. ಬಾಯಿಗೆ ಮಾತ್ರ ಬ್ರೇಕಿರಲಿಲ್ಲ. ಹೀಗಾಗಿ ಅವನ ಹೆಸರೂ ತಾನಾಗಿಯೇ ಹುಟ್ಟಿಕೊಂಡಿತ್ತು.

ಮೋಸದ ಇ-ಮೇಲು, ಮೋಸದ ಮೆಸೇಜು, ಮೋಸದ ಕರೆ ಇವುಗಳನ್ನು ಗುರುತಿಸುವುದು ಹೇಗೆ, ಕಂಡೊಡನೆ ಯಾರಿಗೆ ತಿಳಿಸಬೇಕು ಎಂಬುದನ್ನು ನೌಕರರಿಗೆ ಕಲಿಸುವುದು ಅವಳ ಕೆಲಸ. ಪಾಠ ಮಾಡಿ ಕೈತೊಳೆದುಕೊಳ್ಳುವವಳಲ್ಲ ಅವಳು. ಎಲ್ಲರೂ ಪಾಠವನ್ನು ಮರೆತಿದ್ದಾರೆ ಎನ್ನಿಸಿದ ಹೊತ್ತಿಗೆ ತಾನೇ ಒಂದು ಸುಳ್ಳು ಮೇಲನ್ನು ಹೆಣೆದು ಎಲ್ಲರಿಗೂ ಕಳಿಸುವಳು. ‘ನಿಮ್ಮ ಪಾರ್ಸೆಲ್ಲು ದಾರಿಯಲ್ಲಿ ನಿಂತಿದೆ’ ಎಂದೋ, ‘ರಜೆಯ ಪಟ್ಟಿ ಬದಲಾಗಿದೆ, ಇಲ್ಲಿ ನೋಡಿ’ ಎಂದೋ ಅದರಲ್ಲಿರುತ್ತಿತ್ತು. ಒತ್ತಿದವರಿಗೆ ಪಾರ್ಸೆಲ್ಲೂ ಇಲ್ಲ, ರಜೆಯೂ ಇಲ್ಲ. ಪರದೆಯ ಮೇಲೆ ಒಂದು ಮೀನಿನ ಚಿತ್ರ, ಕೆಳಗೆ ‘ಪರವಾಗಿಲ್ಲ, ಬನ್ನಿ, ಮಾತಾಡೋಣ’ ಎಂಬ ಒಂದು ಸಾಲು. ಹಾಗೆ ಸಿಕ್ಕಿಬಿದ್ದವರ ಪೈಕಿ ಮೊದಲಿಗನೇ ಬ್ರೇಕಣ್ಣ. “ಊಟದ ಹೊತ್ತಲ್ಲಿ ಮೀನು ತೋರ್ಸಿ ಮನುಷ್ಯನನ್ನ ಹಿಡೀತಾರಲ್ಲಪ್ಪ ಈ ಗಾಳದಕ್ಕ!” ಎಂದು ಅವನು ಕ್ಯಾಂಟೀನಿನಲ್ಲಿ ಕೂಗಿ ಹೇಳಿದ್ದೇ ಹೇಳಿದ್ದು, ಹೆಸರು ಅಂಟಿಕೊಂಡಿತು.

ಅವಳ ತರಗತಿ ನಡೆಯುತ್ತಿದ್ದದ್ದು ಬಿಡಿಭಾಗಗಳ ಗೋದಾಮಿನ ಪಕ್ಕದ ಉದ್ದನೆಯ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಹಳೆಯ ಲಿಫ್ಟಿನ ಬಾಗಿಲೊಂದನ್ನು ಒರಗಿಸಿದ್ದರು. ಗ್ರೀಸಿನ ವಾಸನೆಗೆ ಚಹಾದ ವಾಸನೆ ಬೆರೆತಿರುತ್ತಿತ್ತು. ಬಿಳಿಗೋಡೆಯ ಮೇಲೆ ಅವಳು ಒಂದು ಮೇಲನ್ನು ದೊಡ್ಡದಾಗಿ ಮೂಡಿಸುವಳು.

“ನೋಡಿ, ಇದ್ರಲ್ಲಿ ಏನು ತಪ್ಪಿದೆ ಹೇಳಿ.”

“ಬ್ಯಾಂಕಿನ ಗುರುತು ಸ್ವಲ್ಪ ಸೊಟ್ಟಗಿದೆ ಅಕ್ಕಾ.”

“ಅದಿರ್ಲಿ. ಬ್ರೇಕಣ್ಣಾ, ಜೋರಾಗಿ ಓದಿ.”

ಬ್ರೇಕಣ್ಣ ಗಂಟಲು ಸರಿಮಾಡಿಕೊಂಡು ಓದಿದ. “ಗೌರವಾನ್ವಿತ ಗ್ರಾಹಕರೇ, ನಿನ್ನ ಖಾತೆ ಇವತ್ತು ಸಂಜೆ ಬಂದ್ ಆಗಲಿದೆ. ಕೂಡಲೇ ಇಲ್ಲಿ ಒತ್ತು... ಅಯ್ಯೋ ಇವನ! ಮೊದಲ್ನೇ ಸಾಲಲ್ಲಿ ಕೈ ಮುಗಿದು, ಎರಡನೇ ಸಾಲಲ್ಲಿ ಕೊರಳಪಟ್ಟಿ ಹಿಡ್ಕೊಂಡಿದ್ದಾನಲ್ಲ!”

ಕೋಣೆಯೆಲ್ಲ ನಗು. ಗಾಳದಕ್ಕನೂ ನಕ್ಕಳು. “ಅದೇ ನೋಡಿ. ಬಹುವಚನದಲ್ಲಿ ಶುರುಮಾಡಿ ಏಕವಚನಕ್ಕೆ ಇಳಿದ್ರೆ ಅದು ಬ್ಯಾಂಕಲ್ಲ. ಬ್ಯಾಂಕಿನವರು ಬಯ್ಯೋದಿದ್ರೂ ಬಹುವಚನದಲ್ಲೇ ಬಯ್ತಾರೆ.”

ಆಮೇಲೆ ಅವಳು ಇನ್ನೊಂದು ಮೆಸೇಜನ್ನು ಗೋಡೆಗೆ ತಂದಳು. ಅದರಲ್ಲಿ ಇದ್ದದ್ದು ಇಷ್ಟೇ: ‘ಅಮ್ಮಾ, ನಾನು. ಇದು ಹೊಸ ನಂಬರು.’

ಇಲ್ಲಿ ಯಾರೂ ನಗಲಿಲ್ಲ. ಇದರಲ್ಲಿ ತಪ್ಪು ಹುಡುಕಲು ವ್ಯಾಕರಣದಿಂದ ಸಾಧ್ಯವಿರಲಿಲ್ಲ.

“ಇದು ಎಲ್ಲಕ್ಕಿಂತ ಕೆಟ್ಟದ್ದು. ‘ನಾನು’ ಅಂತ ಯಾರು ಬೇಕಾದ್ರೂ ಅನ್ನಬಹುದು. ನಮ್ಮ ಮನಸ್ಸು ಯಾರಿಗೆ ಕಾಯ್ತಿರುತ್ತೋ ಅವರ ಮುಖಾನ ಆ ‘ನಾನು’ಗೆ ನಾವೇ ತಗೊಂಡ್ಹೋಗಿ ಅಂಟಿಸ್ತೀವಿ. ಅದಕ್ಕೇ ಹೇಳ್ತೀನಿ, ಮನೆಗೊಂದು ಗುಟ್ಟಿನ ಮಾತು ಇಟ್ಕೊಳ್ಳಿ. ಕೇಳಿ. ಉತ್ತರ ಬರ್ಲಿಲ್ಲ ಅಂದ್ರೆ ನಮಗೆ ತಿಳಿಸಿ. ತಡ ಮಾಡಬೇಡಿ. ನಿಮಗೆ ಬಂದದ್ದು ಇನ್ನೊಬ್ಬರಿಗೂ ಬಂದಿರುತ್ತೆ.”

“ನಮ್ಮನೇಲಿ ಗುಟ್ಟಿನ ಮಾತು ಬೇಕಿಲ್ಲಕ್ಕಾ,” ಎಂದ ಬ್ರೇಕಣ್ಣ. “ನಾನು ಫೋನ್ ಮಾಡಿದ ತಕ್ಷಣ ಹೆಂಡ್ತಿ ಬಯ್ತಾಳೆ. ಬಯ್ಲಿಲ್ಲ ಅಂದ್ರೆ ಅವಳಲ್ಲ ಅಂತ ಲೆಕ್ಕ.”

“ನಿಮ್ಮನೆಯ ಗುಟ್ಟಿನ ಮಾತು ಏನಕ್ಕಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಹೇಳಿಬಿಟ್ರೆ ಗುಟ್ಟು ಎಲ್ಲಿ ಉಳೀತು?” ಎಂದಳು ಗಾಳದಕ್ಕ, ದೀಪ ಹಾಕಿಸುತ್ತ.

ಆ ಗುಟ್ಟಿನ ಮಾತನ್ನು ಅವಳು ತನ್ನ ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಅದನ್ನು ಅರಿತವರು ಇಬ್ಬರೇ ಉಳಿದಿದ್ದರು. ಒಬ್ಬಳು ಅವಳು. ಇನ್ನೊಬ್ಬ ಅವಳ ತಮ್ಮ. ಅವನು ಎಲ್ಲಿದ್ದಾನೆಂಬುದು ಅವಳಿಗೆ ತಿಳಿದಿರಲಿಲ್ಲ.

ಅವರ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿಯವರು. ದೊಡ್ಡ ದೊಡ್ಡ ಯಂತ್ರಗಳಿಂದ ಬಿಸಿ ಚಾದರಗಳನ್ನು ಎಳೆದು ಮಡಚುವ ಕೆಲಸ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು. ಹಿಂತಿರುಗುವಾಗ ಬೀದಿಯ ದೀಪಗಳು ಹತ್ತಿರುತ್ತಿದ್ದವು. ತಂದೆಯ ಮುಖ ಮಕ್ಕಳಿಬ್ಬರಿಗೂ ನೆನಪಿರಲಿಲ್ಲ. ಮೂರನೆಯ ಮಹಡಿಯ ಎರಡು ಕೋಣೆಗಳ ಆ ಮನೆಯಲ್ಲಿ ಅಕ್ಕ, ತಮ್ಮ, ಮತ್ತು ಒಳಗಿನಿಂದ ಹಾಕಿದ ಒಂದು ಚಿಲಕ. ಚಿಲಕ ಎತ್ತರದಲ್ಲಿತ್ತು. ಅಕ್ಕ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಲ್ಲಬೇಕಾಗುತ್ತಿತ್ತು. ತಮ್ಮನ ಕೆಲಸ ಬಾಗಿಲಿಗೆ ಕಿವಿಯಾನಿಸುವುದು.

“ಯಾರಾದ್ರೂ ಬಾಗಿಲು ತಟ್ಟಿದ್ರೆ ಯಾರು ಅಂತ ಕೇಳ್ರೋ. ಕೇಳ್ದೆ ತೆಗೀಬೇಡಿ,” ಎಂದು ತಾಯಿ ದಿನವೂ ಹೇಳಿ ಹೊರಡುತ್ತಿದ್ದರು.

ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತಮ್ಮ ಆಗಷ್ಟೇ ಶಿಶುವಿಹಾರಕ್ಕೆ ಸೇರಿದ್ದ, ಮಾತು ಇನ್ನೂ ಸರಿಯಾಗಿ ಕುದುರಿರದ ವಯಸ್ಸು. ದೊಡ್ಡ ಮನುಷ್ಯನ ಗತ್ತಿನಲ್ಲಿ ಕೇಳಿದ. “ಯಾರು?”

“ನಾನು ಕಣೋ,” ಎಂದರು ತಾಯಿ ಹೊರಗಿನಿಂದ.

“ಸುಳ್ಳು!” ಎಂದ ತಮ್ಮ. “ನಾನು ಒಳಗಿದ್ದೀನಿ.”

“ಅಯ್ಯೋ, ನಾನು ಕಣೋ ಮಗಾ, ತೆಗಿ.”

“ನಾನು ಇಲ್ಲಿದ್ದೀನಿ ಅಂದ್ನಲ್ಲ! ಒಳಗಿರೋದು ನಾನು. ಹೊರಗಿರೋದು ನೀನು. ನೀನು ಅನ್ನು.”

ಕೈಯಲ್ಲಿ ಚೀಲ, ಕಾಲಲ್ಲಿ ನೋವು, ಮೂರು ಮಹಡಿ ಹತ್ತಿಬಂದ ಏದುಸಿರು. ಆದರೂ ತಾಯಿ ಹೊರಗೆ ನಿಂತು ನಕ್ಕುಬಿಟ್ಟರು. ನಕ್ಕು, “ಆಯ್ತಪ್ಪ, ನೀನು,” ಎಂದರು. ಆಗ ಬಾಗಿಲು ತೆರೆಯಿತು.

‘ನಾನು’ ಎಂಬುದು ವಿಚಿತ್ರವಾದ ಸರ್ವನಾಮ. ಯಾರ ಬಾಯಿಗೆ ಬಂದರೆ ಅವರದ್ದು. ವ್ಯಾಕರಣ ಅದನ್ನು ಉತ್ತಮ ಪುರುಷ ಎಂದು ಕರೆಯುತ್ತದೆ. ಆದರೆ ಬಾಗಿಲಾಚೆ ನಿಂತು ‘ನಾನು’ ಎನ್ನುವವರೆಲ್ಲ ಉತ್ತಮರೇ ಆಗಿರಬೇಕೆಂದೇನಿಲ್ಲ. ತಾಯಿಗೂ ಅದು ಹೊಳೆಯಿತೋ ಏನೋ. ಮಗುವಿನ ತಪ್ಪನ್ನು ತಿದ್ದಲಿಲ್ಲ. ಅದನ್ನೇ ಮನೆಯ ಕಟ್ಟಳೆ ಮಾಡಿದರು. ಅಂದಿನಿಂದ ಯಾರು ಎಂದರೆ ನೀನು ಎನ್ನಬೇಕು. ನಾನು ಎಂದವರು ಮನೆಯವರಲ್ಲ. ಪಕ್ಕದ ಮನೆಯವರು ಬಂದು ‘ನಾನು’ ಎಂದರೆ ಮಕ್ಕಳು ಒಳಗೇ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುವರು. ಅಕ್ಕ ಕಾಲೇಜಿನಿಂದ ಬಂದಾಗಲೂ, ತಮ್ಮ ಮೀಸೆ ಬಂದ ಮೇಲೆ ಆಟದಿಂದ ತಡವಾಗಿ ಬಂದಾಗಲೂ ಅದೇ ಮಾತು. ಮೀಸೆ ಬಂದವನು ಆ ಮಾತನ್ನು ಸ್ವಲ್ಪ ನಾಚಿಕೆಯಿಂದ, ಯಾರಿಗೂ ಕೇಳದ ಹಾಗೆ ಬಾಗಿಲ ಸಂದಿಗೆ ಬಾಯಿಟ್ಟು ಹೇಳುವನು.

ಅವಳಿಗೆ ಲಿಫ್ಟು ಕಂಪನಿಯ ತುರ್ತು ಕರೆಯ ಮೇಜಿನಲ್ಲಿ ಕೆಲಸ ಸಿಕ್ಕಿತು. ಊರಿನ ಯಾವುದೇ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತು, ಒಳಗಿನವರು ಕೆಂಪು ಗುಂಡಿ ಒತ್ತಿದರೆ ಕರೆ ಅವಳ ಕಿವಿಗೆ ಬರುತ್ತಿತ್ತು. “ಹೆದರಬೇಡಿ. ಮೆಕ್ಯಾನಿಕ್ಕು ಹೊರಟಿದ್ದಾರೆ. ಬಾಗಿಲು ತೆರೆಯೋವರೆಗೂ ನಾನು ಫೋನ್ ಇಡಲ್ಲ,” ಎನ್ನುತ್ತಿದ್ದಳು. ಇಡುತ್ತಲೂ ಇರಲಿಲ್ಲ. ಕತ್ತಲಲ್ಲಿ ಸಿಕ್ಕಿಕೊಂಡ ಮುದುಕರಿಂದ ಮೊಮ್ಮಕ್ಕಳ ಹೆಸರು ಕೇಳುವಳು. ಅಳುವ ಹುಡುಗಿಯಿಂದ ಶಾಲೆಯ ಪದ್ಯ ಹೇಳಿಸುವಳು. ಆ ದಿನಗಳಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲಿ ಬಾಗಿಲ ಒಳಗೊಬ್ಬರು, ಹೊರಗೊಬ್ಬರು ಎಂದು ಅಕ್ಕ ತಮ್ಮ ಇಬ್ಬರೇ ಉಳಿದರು.

ತಮ್ಮನಿಗೆ ಹಡಗಿನ ಹುಚ್ಚು. ಒಂದು ದಿನ ಅವನ ಫೋನಿಗೆ ಒಂದು ಮೇಲು ಬಂತು. ಯಾವುದೋ ಹಡಗಿನ ಕಂಪನಿಯಲ್ಲಿ ಅವನಿಗೆ ಕೆಲಸವಾಗಿದೆಯಂತೆ. ಇಂಥ ಬೆಳಗ್ಗೆ ಬಂದರಿಗೆ ಚೀಲ ಸಮೇತ ಬರಬೇಕಂತೆ. ಅವನು ಬೀದಿಗೆಲ್ಲ ಹೇಳಿಕೊಂಡ. ಹೊಸ ಶೂ ಹಾಕಿಕೊಂಡ. ಮೆಟ್ಟಿಲಿಳಿಯುವಾಗ ಪ್ರತಿ ಮಹಡಿಯವರೂ ಹೊರಗೆ ಬಂದು ಬೆನ್ನು ತಟ್ಟಿದರು. ಬಂದರಿನಲ್ಲಿ ಆ ಹೆಸರಿನ ಹಡಗೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. ಅವನಂತೆಯೇ ಚೀಲ ಹಿಡಿದು ಬಂದ ಹುಡುಗರ ಒಂದು ಗುಂಪು ಗೇಟಿನ ಬಳಿ ಸಂಜೆಯವರೆಗೆ ನಿಂತು, ಒಬ್ಬೊಬ್ಬರಾಗಿ ಕರಗಿತು.

ಅವನು ಮನೆಗೆ ಬಂದು ಬಾಗಿಲು ತಟ್ಟಿದ. ಅವಳು ‘ಯಾರು’ ಎಂದಳು. ತಡವಾಗಿ, ತೆಳುವಾಗಿ “ನೀನು” ಎಂದ.

ಅಕ್ಕ ಏನೂ ಕೇಳದೆ ತಟ್ಟೆ ಹಾಕಿದಳು. ಆದರೆ ಬೀದಿ ಸುಮ್ಮನಿರುತ್ತದೆಯೇ? ಮರುದಿನದಿಂದ ಅವನಿಗೆ ‘ಕ್ಯಾಪ್ಟನ್’ ಎಂದು ಹೆಸರು ಬಿತ್ತು. “ಕ್ಯಾಪ್ಟನ್, ಹಡಗು ಎಲ್ಲಿ ನಿಲ್ಸಿದ್ದೀಯ?” “ಕ್ಯಾಪ್ಟನ್, ನಮ್ಮ ನೀರಿನ ತೊಟ್ಟಿಲಿ ಜಾಗ ಇದೆ ನೋಡು!” ಹಾಲಿನವನಿಂದ ಹಿಡಿದು ಸಂಬಂಧಿಕರವರೆಗೆ ಎಲ್ಲರಿಗೂ ಅದೊಂದು ತಮಾಷೆ. ಅವಳು ಜಗಳವಾಡಿದಳು, ಕಾಲು ಹಿಡಿದು ಕೇಳಿಕೊಂಡಳು, ನಗುವವರ ಬಾಯಿ ಮುಚ್ಚಲಾಗಲಿಲ್ಲ. ಕೆಲವು ತಿಂಗಳಾದ ಮೇಲೆ, ಅವಳು ಬೆಳಗಿನ ಪಾಳಿಯಲ್ಲಿದ್ದಾಗ ಅವನಿಂದ ಒಂದೇ ಪದದ ಮೆಸೇಜು ಬಂತು. ‘ಬರ್ತೀನಿ.’

ನಮ್ಮ ನುಡಿಯಲ್ಲಿ ಬರುವವರೂ ಬರುತ್ತೇನೆ ಎನ್ನುತ್ತಾರೆ, ಹೊರಡುವವರೂ ಬರುತ್ತೇನೆ ಎನ್ನುತ್ತಾರೆ. ಮನೆಗೆ ಬರುತ್ತಿದ್ದಾನೆಂದುಕೊಂಡು ಅವಳು ಆ ದಿನ ಅವನಿಗಿಷ್ಟವಾದ ತಿಂಡಿ ಕಟ್ಟಿಸಿಕೊಂಡು ಹೋದಳು. ಮನೆಯಲ್ಲಿ ಅವನ ಚೀಲ ಇರಲಿಲ್ಲ. ಶೂ ಮಾತ್ರ ಬಾಗಿಲ ಹಿಂದೆ ಜೋಡಿಸಿಟ್ಟಂತೆ ಇತ್ತು. ಅವನ ನಂಬರು ಆ ಸಂಜೆಯಿಂದ ಮೂಕವಾಯಿತು.

ಎಷ್ಟೋ ವರ್ಷಗಳು ಉರುಳಿದವು. ಅವಳಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಗಂಡ ಮುದ್ರಣಾಲಯದಲ್ಲಿ ಎರಡನೆಯ ಪಾಳಿ; ಒಳ್ಳೆಯ ಮನುಷ್ಯ. ಹೊಸ ಮನೆಗೆ ಹೋಗೋಣ ಎಂದಾಗಲೆಲ್ಲ ಅವಳು ಏನಾದರೊಂದು ನೆಪ ಹೇಳಿ ಆ ಮೂರನೆಯ ಮಹಡಿಯನ್ನು ಬಿಡಲಿಲ್ಲ. ಹಳೆಯ ಫೋನ್ ನಂಬರನ್ನೂ ಬದಲಿಸಲಿಲ್ಲ. ನೆಪಗಳ ಹಿಂದೆ ಏನಿದೆಯೆಂದು ಗಂಡನಿಗೆ ತಿಳಿದಿತ್ತು. ಅವನು ಮೆಟ್ಟಿಲು ಹತ್ತಿ ಬಂದು ಮಂಡಿ ಉಜ್ಜಿಕೊಳ್ಳುತ್ತ, “ಲಿಫ್ಟ್ ಕಂಪನಿಯವಳ ಮನೇಗೇ ಲಿಫ್ಟಿಲ್ಲ ನೋಡು,” ಎಂದು ನಗುತ್ತಿದ್ದ, ಅಷ್ಟಕ್ಕೇ ಬಿಡುತ್ತಿದ್ದ.

ಅವಳು ಗಾಳದಕ್ಕ ಆದದ್ದು ಹೀಗೆ: ಲೆಕ್ಕಪತ್ರ ವಿಭಾಗದಲ್ಲಿ ಯಾರೋ ಒಂದು ಮೋಸದ ಮೇಲನ್ನು ಒತ್ತಿದರು. ಕಂಪನಿಯ ಕಂಪ್ಯೂಟರುಗಳೆಲ್ಲ ಒಂದು ಹಗಲಿಡೀ ಮಲಗಿಬಿಟ್ಟವು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ವಿಳಾಸ ತಿಳಿಯದೆ ಪರದಾಡಬೇಕಾಯಿತು. ಒತ್ತಿದವನು ಹೆದರಿ ಮಧ್ಯಾಹ್ನದವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೊರಗಿನಿಂದ ದೊಡ್ಡ ತಜ್ಞರನ್ನು ಕರೆಸಿ ಪಾಠ ಮಾಡಿಸಿದರು. ಮೆಕ್ಯಾನಿಕ್ಕುಗಳು ಸಾಲಾಗಿ ನಿದ್ದೆ ಹೋದರು. ಆಗ ಮ್ಯಾನೇಜರು ಅವಳನ್ನು ಕರೆದು, “ನೀವು ಮಾತಾಡಿದ್ರೆ ಜನ ಫೋನ್ ಇಡಲ್ಲಮ್ಮಾ. ನೀವೇ ಕಲಿಸಿ,” ಎಂದರು. ಅವಳು ಕಲಿತು ಕಲಿಸಿದಳು. ಒಂದೇ ಷರತ್ತು ಹಾಕಿದಳು. ತನ್ನ ಕೋಣೆಯಲ್ಲಿ ಮೇಲನ್ನು ನೋಡಿ ನಗಬಹುದು. ಒತ್ತಿದವರನ್ನು ನೋಡಿ ಯಾರೂ ನಗಬಾರದು. ನಗುವವರು ಹೊರಗೆ.

“ನಕ್ಕರೆ ಏನಾಗುತ್ತಕ್ಕಾ?” ಎಂದು ಬ್ರೇಕಣ್ಣ ಒಮ್ಮೆ ಕೇಳಿದ್ದ.

“ಮುಂದಿನ ಸಲ ಅವರು ಹೇಳಲ್ಲ. ಹೊರಟುಹೋಗ್ತಾರೆ,” ಎಂದಳು. ಹೊರಟುಹೋಗುವುದು ಎಂದರೆ ಎಲ್ಲಿಗೆ ಎಂದು ಅವನಿಗೆ ಅರ್ಥವಾಗಿರಲಿಲ್ಲ.

ಆ ಮೆಸೇಜು ಬಂದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಗುರುತಿಲ್ಲದ ನಂಬರು.

‘ಅಕ್ಕಾ, ನಾನು. ಹಳೆ ನಂಬರು ಹೋಯ್ತು. ಇದು ಹೊಸದು.’

ಇದೇ ಸಾಲನ್ನು, ‘ಅಕ್ಕಾ’ ಎಂಬಲ್ಲಿ ‘ಅಮ್ಮಾ’ ಎಂದು ಬದಲಿಸಿದರೆ, ಅವಳೇ ಗೋಡೆಯ ಮೇಲೆ ಎಷ್ಟು ಸಲ ತೋರಿಸಿಲ್ಲ! ಒಂದೊಂದು ಅಕ್ಷರವೂ ಮೋಸದ ಪಡಿಯಚ್ಚು. ಅವಳ ತಲೆಗೆ ಅದು ಕೂಡಲೇ ತಿಳಿಯಿತು. ಆದರೆ ‘ಅಕ್ಕಾ’ ಎಂಬಲ್ಲಿಯ ಆ ದೀರ್ಘ ಅವಳ ಎದೆಯಲ್ಲಿ ಎಳೆದುಕೊಂಡು ಹೋಯಿತು. ಆಫೀಸಿನಲ್ಲಿ ದಿನಕ್ಕೆ ನೂರು ಜನ ಅಕ್ಕಾ ಎನ್ನುತ್ತಿದ್ದರು. ಇದು ಹಾಗಿರಲಿಲ್ಲ. ಹಾಗಿರಲಿಲ್ಲ ಎಂದುಕೊಳ್ಳಲು ಅವಳ ಮನಸ್ಸು ಹಟ ಹಿಡಿಯಿತು.

ಅವಳು ಡಬ್ಬಿಯ ಮುಚ್ಚಳ ಹಾಕಿ, ಒಂದೇ ಪದ ಬರೆದಳು. ‘ಯಾರು?’

ಉತ್ತರ ಬರುವವರೆಗೆ ಅವಳು ಮತ್ತೆ ಆ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತಿದ್ದಳು. ಕೈ ಚಿಲಕದ ಮೇಲಿತ್ತು.

‘ಗೊತ್ತಾಗ್ಲಿಲ್ವಾ ಅಕ್ಕಾ? ನಾನೇ. ಎಷ್ಟು ದಿನ ಆಯ್ತು. ನನ್ನ ಫೋಟೊ ಇಲ್ಲಿದೆ, ನೋಡು.’ ಕೆಳಗೆ ನೀಲಿ ಬಣ್ಣದ ಒಂದು ಸಾಲು, ಒತ್ತಲು ಕಾಯುತ್ತಿತ್ತು.

ನಾನೇ. ಬರೀ ನಾನು ಕೂಡ ಅಲ್ಲ. ಅವಧಾರಣೆಯ ಏಕಾರ ಸೇರಿಸಿ ನಾನೇ. ನೀನು ಎನ್ನಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ‘ವರದಿ ಮಾಡಿ’ ಎಂಬ ಗುಂಡಿ ಒತ್ತಿದರೆ ಭದ್ರತಾ ವಿಭಾಗದವರು ಆ ನಂಬರನ್ನು ಮುಚ್ಚಿಸುತ್ತಾರೆ. ಕಂಪನಿಯ ಎಲ್ಲರಿಗೂ ಎಚ್ಚರಿಕೆ ಹೋಗುತ್ತದೆ. ಅವಳು ಒತ್ತಲಿಲ್ಲ. ಇಷ್ಟು ವರ್ಷಗಳ ಮೇಲೆ ಒಬ್ಬ ಗಂಡಸಿಗೆ ಮಗುವಾಗಿದ್ದಾಗಿನ ಮಾತು ನೆನಪಿರಬೇಕೆಂದು ಎಲ್ಲಿದೆ? ಲೋಕದಲ್ಲಿ ಎಲ್ಲರೂ ನಾನು ಎಂದೇ ಹೇಳುತ್ತಾರೆ. ಅವನೂ ಲೋಕದ ಮಾತು ಕಲಿತಿರಬಾರದೇ? ಅಕಸ್ಮಾತ್ ಅವನೇ ಆಗಿದ್ದು, ತಾನು ನಂಬರು ಮುಚ್ಚಿಸಿದರೆ? ಒಮ್ಮೆ ಊರೇ ನಕ್ಕು ಹೊರಗಟ್ಟಿತು. ಈಗ ಅಕ್ಕನೇ ಬಾಗಿಲು ಹಾಕಿದಂತಾಗುವುದಿಲ್ಲವೇ? ನೀಲಿ ಸಾಲನ್ನು ಒತ್ತಿದರೆ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ತಿಳಿದವರು ಆ ಕಟ್ಟಡದಲ್ಲಿ ಇರಲಿಲ್ಲ. ಆದರೂ ಆ ಸಾಲಿನ ಆಚೆ ಒಂದು ಮುಖ ಇರಬಹುದು. ಮೀಸೆ ನರೆತಿರಬಹುದು.

ಇನ್ನೊಂದು ಪ್ರಶ್ನೆ ಕೇಳಿದ್ದರೆ ತೀರುತ್ತಿತ್ತು. ಅಮ್ಮ ಏನು ಕೆಲಸ ಮಾಡುತ್ತಿದ್ದಳು ಎಂದೋ, ಮನೆ ಎಷ್ಟನೆಯ ಮಹಡಿ ಎಂದೋ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗದಿರುವಷ್ಟು ಹೊತ್ತು ಅವನು ಇದ್ದಾನೆ.

ಹೀಗೆ ದಿನಗಳು ಸಾಗಿದವು. ಒಮ್ಮೊಮ್ಮೆ ಮೆಸೇಜು ಬರುತ್ತಿತ್ತು. ‘ಅಕ್ಕಾ, ನೋಡ್ಲಿಲ್ವಾ?’ ‘ಅಕ್ಕಾ, ಕೋಪಾನಾ?’ ಬಸ್ಸಿನಲ್ಲಿ ಕೂತು ಅವಳು ಅವನ್ನು ಮತ್ತೆ ಮತ್ತೆ ಓದುವಳು. ತರಗತಿಯಲ್ಲಿ ‘ಅಮ್ಮಾ, ನಾನು’ ಎಂಬ ಆ ಮೆಸೇಜು ಗೋಡೆಗೆ ಬರುವ ಸರದಿ ಬಂದಾಗ ಬೇಗ ಮುಂದಕ್ಕೆ ದಾಟಿಸಿದಳು.

“ಅಕ್ಕಾ, ಒಂದು ಬಿಟ್ರಿ,” ಎಂದ ಬ್ರೇಕಣ್ಣ.

“ಅದು ನಿಮಗೆಲ್ಲ ಗೊತ್ತಲ್ಲ,” ಎಂದಳು.

ಆ ವಾರವೇ ಒಂದು ಬೆಳಗ್ಗೆ ದೊಡ್ಡಮ್ಮ ಅವಳ ಮೇಜಿನ ಬಳಿ ಬಂದರು. ದೊಡ್ಡಮ್ಮ ಎಂದರೆ ಆಫೀಸಿನ ನೆಲ ಒರೆಸಿ, ಕಿಟಕಿ ಉಜ್ಜಿ, ಎಲ್ಲರಿಗೂ ಬುದ್ಧಿ ಹೇಳುವ ಹಿರಿಯ ಹೆಂಗಸು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಹೊರಗೆ ತೆಗೆದರು.

“ನೋಡವ್ವಾ, ನೀನು ಹೇಳಿದ್ಯಲ್ಲ, ಏನಾದ್ರೂ ಬಂದ್ರೆ ತಡ ಮಾಡ್ದೆ ತೋರ್ಸಿ ಅಂತ. ಬಂದಿದೆ ನೋಡು. ಗಾಳ.”

‘ಅಕ್ಕಾ, ನಾನು. ಹಳೆ ನಂಬರು ಹೋಯ್ತು. ಇದು ಹೊಸದು.’ ಅದರ ಕೆಳಗೆ, ದೊಡ್ಡಮ್ಮ ಏನೂ ಉತ್ತರಿಸದಿದ್ದರೂ, ‘ಎಷ್ಟು ದಿನ ಆಯ್ತು. ನನ್ನ ಫೋಟೊ ಇಲ್ಲಿದೆ, ನೋಡು.’ ಅದೇ ನೀಲಿ ಸಾಲು. ಅದೇ ನಂಬರು.

“ನಮ್ಮಪ್ಪಂಗೆ ಐದೂ ಹೆಣ್ಣು!” ದೊಡ್ಡಮ್ಮ ಬಾಯಿ ತುಂಬ ನಕ್ಕರು. “ಗಂಡು ಬೇಕು ಗಂಡು ಬೇಕು ಅಂತ ಕಾದೂ ಕಾದೂ ಹೋಗೇಬಿಟ್ಟ ಪಾಪ. ಈಗ ಬಂದಿದ್ದಾನೆ ನೋಡು ತಮ್ಮ! ಅಪ್ಪ ಇದ್ದಿದ್ರೆ ಸಿಹಿ ಹಂಚಿಬಿಡೋನು. ಇವನು ತಡವಾಗಿ ಬಂದ... ಏನವ್ವಾ, ಯಾಕೆ ಹೀಗೆ ಬಿಳಿಚ್ಕೊಂಡೆ?”

ಗಾಳದಕ್ಕ ಮೇಜಿನ ಖಾನೆಯಿಂದ ತನ್ನ ಫೋನನ್ನು ತೆಗೆದು ದೊಡ್ಡಮ್ಮನ ಫೋನಿನ ಪಕ್ಕಕ್ಕಿಟ್ಟಳು. ಎರಡು ಪರದೆಗಳ ಮೇಲೂ ಒಬ್ಬನೇ ತಮ್ಮ.

ದೊಡ್ಡಮ್ಮ ಬಗ್ಗಿ ನೋಡಿದರು. ಅವಳ ಫೋನಿನಲ್ಲಿ ಸಾಲುಗಳು ಉದ್ದಕ್ಕೆ ಇದ್ದವು. ‘ಕೋಪಾನಾ’ ಎಂಬುದನ್ನೂ ಓದಿದರು. ಅವರ ನಗು ನಿಂತಿತು. ಕುರ್ಚಿ ಎಳೆದುಕೊಂಡು ಕೂತರು. ಆ ಆಫೀಸಿನಲ್ಲಿ ಅವರು ಕುರ್ಚಿಯಲ್ಲಿ ಕೂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

“ನಿನಗೆ ತಮ್ಮ ಇದ್ದಾನಾ?”

“ಇದ್ದಾನೆ ದೊಡ್ಡಮ್ಮಾ.”

“ಇದು ಅವನಲ್ಲ.”

“ಅಲ್ಲ.”

“ಅತ್ತುಬಿಡು ಸ್ವಲ್ಪ. ಆಮೇಲೆ ಅದೇನು ಒತ್ತಬೇಕೋ ಒತ್ತು. ನಾನು ಇಲ್ಲೇ ಇರ್ತೀನಿ.”

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ತಾನು ಹೇಳುತ್ತಿದ್ದ ಮಾತು ಅದು. ತನಗೆ ಯಾರೂ ಹೇಳಿರಲಿಲ್ಲ. ಅವಳು ಅಳಲಿಲ್ಲ, ಕಣ್ಣು ಮಾತ್ರ ತುಂಬಿಕೊಂಡಿತು. ಮೊದಲು ದೊಡ್ಡಮ್ಮನ ಫೋನಿನಿಂದ ವರದಿ ಮಾಡಿಸಿದಳು. ಆಮೇಲೆ ತನ್ನದನ್ನು ಕೈಗೆತ್ತಿಕೊಂಡಳು. ಗುಂಡಿ ಒತ್ತಿದಳು. ‘ಈ ಮಾತುಕತೆ ಅಳಿಸಿಹೋಗಲಿದೆ, ಸರಿಯೇ?’ ಎಂದು ಫೋನು ಕೇಳಿತು. ಸರಿ ಎಂದಳು. ಅಕ್ಕಾ ಎಂಬ ಸಾಲುಗಳೆಲ್ಲ ಒಂದು ಕ್ಷಣದಲ್ಲಿ ಹೋದವು.

ಮಧ್ಯಾಹ್ನದ ತರಗತಿಯಲ್ಲಿ ಅವಳು ಗೋಡೆಯ ಮೇಲೆ ಏನನ್ನೂ ತೋರಿಸಲಿಲ್ಲ. ನಿಂತು ಹೇಳಿದಳು. “ಹೊಸ ಗಾಳ ಒಂದು ಬಂದಿದೆ. ದೊಡ್ಡಮ್ಮ ಅದು ಬಂದ ದಿನವೇ ತಿಳಿಸಿದ್ರು. ಅವರಿಗಿಂತ ಮೊದಲೇ ಅದು ಇಲ್ಲಿ ಒಬ್ಬರಿಗೆ ಬಂದಿತ್ತು. ಅವರು ಉತ್ತರ ಕೊಟ್ರು, ವರದಿ ಮಾಡಲಿಲ್ಲ, ಇಟ್ಕೊಂಡೇ ಇದ್ರು. ಅದು ನಾನು.”

ಬ್ರೇಕಣ್ಣನ ಬಾಯಿ ತೆರೆಯಿತು. ‘ಗಾಳದಕ್ಕನೇ ಗಾಳ ಕಚ್ಚಿದ್ರಾ’ ಎಂಬ ಮಾತು ಅವನ ತುಟಿಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅವನು ಅದನ್ನು ನುಂಗಿಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಅವನ ಬಾಯಿಗೆ ಬ್ರೇಕು ಬಿತ್ತು. ಆಮೇಲೆ ಮೆಲ್ಲಗೆ ಕೇಳಿದ. “ತಿಳ್ದೂ ಯಾಕಕ್ಕಾ ಇಟ್ಕೊಂಡ್ರಿ?”

“ನನ್ನ ತಮ್ಮ ಅಂದ್ಕೊಂಡೆ. ಅಂದ್ಕೊಳ್ಳೋಕೆ ಇಷ್ಟ ಆಯ್ತು. ಇಷ್ಟು ದಿನ ನಿಮಗೆ ಅಕ್ಷರ ನೋಡಿ, ವಿಳಾಸ ನೋಡಿ ಅಂತಿದ್ದೆ. ಅದನ್ನೂ ನೋಡಿ. ಆದ್ರೆ ಅದಕ್ಕೆ ಮೊದ್ಲು ಒಂದ್ಸಲ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ನಾನು ಯಾರಿಗೆ ಕಾಯ್ತಾ ಇದ್ದೀನಿ ಅಂತ. ಗಾಳ ಅಲ್ಲಿಗೇ ಬರುತ್ತೆ.”

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಸದ್ದಿಲ್ಲದೆ ತನ್ನ ಫೋನು ತೆಗೆದು, ಎದ್ದುಬಂದು, “ಅಕ್ಕಾ, ನನಗೂ ಒಂದು ಬಂದಿತ್ತು, ಹೇಳೋಕೆ ನಾಚಿಕೆ ಆಗಿತ್ತು,” ಎಂದಳು. ಅವಳ ಹಿಂದೆ ಮತ್ತೊಬ್ಬ ಎದ್ದ.

ಕೋಣೆ ಖಾಲಿಯಾದ ಮೇಲೆ ಬ್ರೇಕಣ್ಣ ಬಾಗಿಲಲ್ಲಿ ನಿಂತಿದ್ದ. “ನಿಮ್ಮ ತಮ್ಮ ನಿಜವಾಗ್ಲೂ ಎಲ್ಲಿದ್ದಾನಕ್ಕಾ?”

“ಗೊತ್ತಿಲ್ಲ ಅಣ್ಣಾ. ಬರ್ತೀನಿ ಅಂದಿದ್ದಾನೆ.”

ಅವನು ತಲೆಯಾಡಿಸಿದ. ‘ಬರ್ತೀನಿ’ ಎಂದೇ ಅವನೂ ಹೊರಟ.

ಸಂಜೆ ಅವಳು ಮೂರು ಮಹಡಿ ಹತ್ತಿ ಬಂದಾಗ ಮಗಳು ಬಾಗಿಲು ತೆರೆದೇ ಇಟ್ಟುಕೊಂಡು ಓದುತ್ತ ಕೂತಿದ್ದಳು. ಬೇರೆ ದಿನವಾಗಿದ್ದರೆ ಬೈಗುಳ ಬೀಳುತ್ತಿತ್ತು. ಇವತ್ತು ಅವಳು ಚೀಲವಿಟ್ಟು ಮಗಳ ಪಕ್ಕ ನೆಲದ ಮೇಲೆ ಕೂತಳು.

“ನಿನಗೊಂದು ಮಾತು ಹೇಳಿಕೊಡ್ತೀನಿ. ನಮ್ಮನೆಯ ಗುಟ್ಟಿನ ಮಾತು.”

“ಆಫೀಸಿನ ಪಾಠಾನಾ ಅಮ್ಮಾ? ನನಗೆ ನಾಳೆ ಪರೀಕ್ಷೆ ಇದೆ.”

“ಎರಡೇ ಎರಡು ಅಕ್ಷರ. ಯಾರಾದ್ರೂ ಬಾಗಿಲು ತಟ್ಟಿದ್ರೆ ‘ಯಾರು’ ಅಂತ ಕೇಳು. ಹೊರಗಿನವರು ‘ನೀನು’ ಅಂದ್ರೆ ಬಾಗಿಲು ತೆಗಿ.”

ಮಗಳು ಹುಬ್ಬೇರಿಸಿದಳು. “ಯಾರು ಅಂದ್ರೆ ನೀನು ಅಂತಾರಾ? ತಪ್ಪಲ್ವಾ ಅದು? ನಮ್ಮ ಮೇಷ್ಟ್ರು ಕೇಳಿದ್ರೆ ಸೊನ್ನೆ ಹಾಕ್ತಾರೆ.”

“ಹಾಕ್ಲಿ ಬಿಡು. ಒಳಗಿರೋದು ನಾನು, ಹೊರಗಿರೋದು ನೀನು. ನಿನ್ನ ಮಾವ ಕಂಡುಹಿಡಿದ ವ್ಯಾಕರಣ ಇದು. ಆಗ ಅವನು ಇಷ್ಟೆತ್ತರ ಇದ್ದ.” ಅವಳು ನೆಲದಿಂದ ಮೇಲಕ್ಕೆ ಕೈಯಿಟ್ಟು ತೋರಿಸಿದಳು. ತೋರಿಸಿದ ಕೈ ಹಾಗೆಯೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಮಾವ ಎಂಬ ಮಾತು ಆ ಮನೆಯಲ್ಲಿ ಎಂದೂ ಬಳಕೆಯಾಗಿರಲಿಲ್ಲ. ಮಗಳು ಪುಸ್ತಕ ಮುಚ್ಚಿದಳು. “ಬಾಗಿಲ ಹಿಂದಿನ ಆ ಹಳೇ ಶೂ ಮಾವಂದಾ?”

“ಹೌದು.”

“ಬರ್ತಾರಾ ಅವರು?”

“ಗೊತ್ತಿಲ್ಲ ಮಗಳೇ. ನಾನು ಆಫೀಸಲ್ಲಿ ಇದ್ದಾಗ ಬರಬಹುದು. ನಾನು ಮುದುಕಿಯಾಗಿ ಕಿವಿ ಕೇಳದ ಹಾಗಾದ ಮೇಲೆ ಬರಬಹುದು. ಮುಖ ನೋಡಿದ್ರೆ ನಿನಗೆ ಗುರುತು ಸಿಗಲ್ಲ. ಎಲ್ಲರೂ ನಾನು ಅಂತಾರೆ, ಅದಕ್ಕೆ ತೆಗೀಬೇಡ. ಆ ಒಂದು ಮಾತಿಗೆ ತೆಗಿ. ಮಾವಾ, ಬನ್ನಿ ಅನ್ನು. ಎಲ್ಲಿದ್ರಿ ಅಂತ ಕೇಳಬೇಡ. ಊಟ ಹಾಕು.”

ಮಗಳು ತಟ್ಟನೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡಳು. ಅದು ಟಪ್ಪೆಂದು ಮುಚ್ಚಿತು.

“ಏನೇ ಅದು?”

ಹೊರಗಿನಿಂದ ಬಾಗಿಲು ತಟ್ಟಿದ ಸದ್ದು.

ಅವಳು ನೆಲದಿಂದ ಎದ್ದಳು. ಚಿಲಕ ಈಗ ಅವಳ ಭುಜದಷ್ಟೇ ಎತ್ತರ. ಅದರ ಮೇಲೆ ಕೈಯಿಟ್ಟು, ಬಾಗಿಲಿಗೆ ಕಿವಿಯಾನಿಸಿ, ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ನಿಜವಾಗಿ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು. “ಯಾರು?”

ಆಚೆಯಿಂದ ಒಂದು ಉಸಿರಿನ ಸದ್ದು ಬಂತು, ನಗು ತಡೆದುಕೊಂಡಂತೆ. ಆಮೇಲೆ ಸಂದಿಗೆ ಬಾಯಿಟ್ಟು, ಯಾರಿಗೂ ಕೇಳದ ಹಾಗೆ ಮಗಳು ಹೇಳಿದಳು.

“ನೀನು.”

ಅವಳು ಬಾಗಿಲು ತೆರೆದಳು.